ಅಲ್ಪಾಕಾ ಉಣ್ಣೆಯ ಬಟ್ಟೆ: ಆರಿಸುವುದು, ತೊಡುವುದು, ವರ್ಷಗಟ್ಟಲೆ ಕಾಪಾಡುವುದು

ಅಲ್ಪಾಕಾ ಸ್ವೆಟರನ್ನು ಮೊದಲ ಸಲ ಮುಟ್ಟಿದವರು ಹೆಚ್ಚುಕಡಿಮೆ ಎಲ್ಲರೂ ಮಾತಾಡುವುದು ಅದರ ಮೃದುತನದ ಬಗ್ಗೆಯೇ. ಮಾರುವವರೂ ಅದನ್ನೇ ಮುಂದಿಡುತ್ತಾರೆ. ಆದರೆ ಅಂಗಡಿಯಲ್ಲಿ ಕೈಗೆ ಸಿಗುವ ಮೃದುತನ ಅರ್ಧ ಸಂಗತಿಯನ್ನಷ್ಟೇ ಹೇಳುತ್ತದೆ. ಅದೇ ಸ್ವೆಟರ್ ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಉದ್ದಕ್ಕೆ ಜೋತುಬೀಳಬಹುದು, ಕಂಕುಳಲ್ಲಿ ಗುಂಜೆದ್ದು, ಅಂದರೆ ಎಳೆಗಳ ಸಣ್ಣ ಉಂಡೆಗಳು ಎದ್ದು, ಹಳತಾಗಿ ಕಾಣಬಹುದು. ಅಥವಾ ಹದಿನೈದು ವರ್ಷ ಚೆನ್ನಾಗಿಯೇ ಇರಬಹುದು. ಈ ವ್ಯತ್ಯಾಸ ಬರುವುದು ಮೂರು ವಿಷಯಗಳಿಂದ: ಎಳೆ ಎಷ್ಟು ಸಣ್ಣ, ನೂಲು ಮತ್ತು ಹೆಣಿಗೆ ಹೇಗಿವೆ, ನಾವು ಅದನ್ನು ಯಾವುದಕ್ಕೆ ಬಳಸುತ್ತೇವೆ.

ಅಲ್ಪಾಕಾ ಕುರಿಯ ಉಣ್ಣೆಯಂತೆ ವರ್ತಿಸುವುದಿಲ್ಲ. ಅದರ ಸ್ವಭಾವ ಬೇರೆ. ಆ ಸ್ವಭಾವ ಗೊತ್ತಿದ್ದರೆ ಆರಿಸುವುದು, ಒಗೆಯುವುದು, ಎತ್ತಿಡುವುದು ಎಲ್ಲವೂ ಸುಲಭ. ಹಾಗಾಗಿ ಮೊದಲು ಎಳೆಯನ್ನು ಅರ್ಥ ಮಾಡಿಕೊಂಡು, ಆಮೇಲೆ ಒಂದೊಂದೇ ಹೆಜ್ಜೆ ಇಡೋಣ.

ಈ ಉಣ್ಣೆ ಎಲ್ಲಿಂದ ಬರುತ್ತದೆ

ಅಲ್ಪಾಕಾ ಒಂಟೆಯ ಕುಟುಂಬಕ್ಕೆ ಸೇರಿದ ಪ್ರಾಣಿ. ಮನೆ ಅದರದು ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳು. ಲಾಮಾ, ಗ್ವನಾಕೊ, ವಿಕುನ್ಯಾ ಅದರ ಬಂಧುಗಳು. ಲಾಮಾವನ್ನು ಮುಖ್ಯವಾಗಿ ಹೊರೆ ಹೊರಲು ಸಾಕಿದರು, ಅಲ್ಪಾಕಾವನ್ನು ಉಣ್ಣೆಗಾಗಿ. ಕಾಡಿನ ವಿಕುನ್ಯಾವನ್ನು ಪಳಗಿಸಿದ್ದರಿಂದಲೇ ಅಲ್ಪಾಕಾ ಬಂತು ಎಂದು 2001ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ತೋರಿಸಿತು. ಈ ಪಳಗಿಸುವಿಕೆ ಶುರುವಾಗಿ ಸುಮಾರು 6,000 ವರ್ಷಗಳಾದರೂ ಆಗಿವೆ.

ಇಂದು ಜಗತ್ತಿನ ಅಲ್ಪಾಕಾಗಳಲ್ಲಿ ಬಹುಪಾಲು ಪೆರು ದೇಶದಲ್ಲಿವೆ. ಅಲ್ಲಿನ ಸಂಖ್ಯೆಯೇ 35 ಲಕ್ಷಕ್ಕಿಂತ ಜಾಸ್ತಿ. ಪುನೊ, ಕುಸ್ಕೊ, ಅರೆಕಿಪಾ, ಹುವಾಂಕವೆಲಿಕಾ ಪ್ರದೇಶಗಳ ಎತ್ತರದ ಹುಲ್ಲುಗಾವಲುಗಳಲ್ಲಿ, ಸಮುದ್ರ ಮಟ್ಟದಿಂದ 3,500 ಮೀಟರ್‌ಗೂ ಮೇಲೆ, ಸಣ್ಣ ಸಣ್ಣ ಕುಟುಂಬಗಳು ಇವನ್ನು ಸಾಕುತ್ತವೆ. ಅಲ್ಲಿ ಹಗಲು ಬಿಸಿಲು ಸುಡುತ್ತದೆ, ರಾತ್ರಿ ನೀರು ಹೆಪ್ಪುಗಟ್ಟುತ್ತದೆ. ಅಂಥ ಹವೆಯನ್ನು ತಡೆದುಕೊಳ್ಳಲು ಬೆಳೆದ ಉಣ್ಣೆ ಇದು.

ಇಂಕಾ ಸಾಮ್ರಾಜ್ಯದಲ್ಲಿ ಅಲ್ಪಾಕಾ ಮತ್ತು ವಿಕುನ್ಯಾ ಎಳೆಗಳಿಂದ 'ಕುಂಬಿ' ಎಂಬ ಅತಿ ನಯವಾದ ಬಟ್ಟೆ ನೇಯುತ್ತಿದ್ದರು. ಅದು ಅರಸರಿಗೆ, ಗಣ್ಯರಿಗೆ, ದೇವರ ಕಾರ್ಯಗಳಿಗೆ ಮೀಸಲು. ಸ್ಪೇನಿನವರ ದಾಳಿಯ ನಂತರ ಈ ಹಿಂಡುಗಳು ನುಚ್ಚುನೂರಾದವು, ಆಯ್ದು ತಳಿ ಬೆಳೆಸುವ ಜ್ಞಾನವೂ ಬಹುಪಾಲು ಕಳೆದುಹೋಯಿತು. ದಕ್ಷಿಣ ಪೆರುವಿನ ಎಲ್ ಯರಾಲ್ ಎಂಬಲ್ಲಿ ಸುಮಾರು ಸಾವಿರ ವರ್ಷ ಹಳೆಯ, ಒಣಗಿ ಉಳಿದ ಅಲ್ಪಾಕಾ ಮತ್ತು ಲಾಮಾಗಳ ದೇಹಗಳು ಸಿಕ್ಕವು. ಅವುಗಳ ಉಣ್ಣೆ ಇಂದಿನ ಹೆಚ್ಚಿನ ಹಿಂಡುಗಳದ್ದಕ್ಕಿಂತ ಸಣ್ಣ ಮತ್ತು ಒಂದೇ ಸಮ ಇತ್ತು. ಆ ಹಳೆಯ ಸಾಕಣೆದಾರರ ಕೌಶಲ ಎಷ್ಟಿತ್ತು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಯುರೋಪಿನಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ನೂಲಿ ಹೆಸರು ಮಾಡಿದವರು ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನ ಟೈಟಸ್ ಸಾಲ್ಟ್. 1830ರ ದಶಕದಲ್ಲಿ ಶುರು ಮಾಡಿದ ಅವರು 1853ರಲ್ಲಿ ಸಾಲ್ಟೇರ್‌ನ ಬೃಹತ್ ಗಿರಣಿ ತೆರೆದರು.

ಎಳೆಯ ಸ್ವಭಾವ

ಉಣ್ಣೆಯ ಎಳೆಯ ದಪ್ಪವನ್ನು ಮೈಕ್ರಾನ್‌ನಲ್ಲಿ ಅಳೆಯುತ್ತಾರೆ. ಒಂದು ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ ಅದು. ಮನುಷ್ಯರ ತಲೆಗೂದಲು ಸುಮಾರು 50ರಿಂದ 100 ಮೈಕ್ರಾನ್. ಕಾಶ್ಮೀರಿ ಮೇಕೆಯ ಉಣ್ಣೆ 14ರಿಂದ 19. ಮೆರಿನೊ ಕುರಿಯದು ಹೆಚ್ಚಾಗಿ 17ರಿಂದ 24. ಅಲ್ಪಾಕಾ 18ರಿಂದ ಹಿಡಿದು 35ರ ತನಕವೂ ಹೋಗುತ್ತದೆ. ಅಂದರೆ 'ಅಲ್ಪಾಕಾ' ಎಂಬ ಒಂದೇ ಹೆಸರಿನ ಕೆಳಗೆ ರೇಷ್ಮೆಯಂಥ ಎಳೆಯೂ ಇದೆ, ಕಂಬಳಿಯಂಥ ಒರಟು ಎಳೆಯೂ ಇದೆ.

ಚುಚ್ಚುವುದು ಯಾಕೆ ಅನ್ನುವುದೂ ಇಲ್ಲೇ ಗೊತ್ತಾಗುತ್ತದೆ. ಬಟ್ಟೆಯಿಂದ ಹೊರಗೆ ಚಾಚಿದ ಎಳೆಯ ತುದಿ ಸಣ್ಣಗಿದ್ದರೆ ಚರ್ಮಕ್ಕೆ ತಾಗಿದಾಗ ಬಾಗುತ್ತದೆ. ದಪ್ಪಗಿದ್ದರೆ ಬಾಗುವುದಿಲ್ಲ, ಚುಚ್ಚುತ್ತದೆ. 30 ಮೈಕ್ರಾನ್‌ಗಿಂತ ದಪ್ಪದ ಎಳೆಗಳು ನೂರಕ್ಕೆ ಐದರಷ್ಟಿದ್ದರೂ ಸಾಕು, ಹಲವರಿಗೆ ಕಿರಿಕಿರಿ ಶುರು. 'ನನಗೆ ಉಣ್ಣೆ ಅಲರ್ಜಿ' ಅನ್ನುವ ಬಹಳ ಜನರ ತೊಂದರೆ ನಿಜಕ್ಕೂ ಈ ಚುಚ್ಚುವಿಕೆಯೇ ಹೊರತು ಅಲರ್ಜಿಯಲ್ಲ.

ಎಳೆಯ ಮೇಲ್ಮೈಯಲ್ಲಿ ಮೀನಿನ ಹುರುಪೆಯಂಥ ಪದರಗಳಿರುತ್ತವೆ. ಕುರಿಯ ಉಣ್ಣೆಯಲ್ಲಿ ಇವುಗಳ ಅಂಚು ಸುಮಾರು 0.8 ಮೈಕ್ರಾನ್ ಎದ್ದಿರುತ್ತದೆ, ಅಲ್ಪಾಕಾದಲ್ಲಿ ಸುಮಾರು 0.4. ಅದಕ್ಕೇ ಒಂದೇ ದಪ್ಪದ ಎರಡು ಎಳೆಗಳಲ್ಲಿ ಅಲ್ಪಾಕಾ ಜಾಸ್ತಿ ನುಣುಪು. ಹೊಳಪಿಗೂ ಇದೇ ಕಾರಣ. ಆದರೆ ಈ ನುಣುಪಿಗೆ ಒಂದು ಬೆಲೆಯೂ ಇದೆ. ಎಳೆಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುವುದಿಲ್ಲ. ಹಾಗಾಗಿ ಸಡಿಲವಾಗಿ ನೂತ ನೂಲಿನಿಂದ ಬೇಗ ಜಾರಿ ಹೊರಬರುತ್ತವೆ.

ಎಳೆಯ ನಡುವೆ ತಿರುಳಿನಂಥ ಭಾಗವಿದ್ದು, ಅದರಲ್ಲಿ ಗಾಳಿಯ ಸಣ್ಣ ಗೂಡುಗಳಿರುತ್ತವೆ. 'ಟೊಳ್ಳು ಎಳೆ, ಅದಕ್ಕೇ ಇಷ್ಟು ಬೆಚ್ಚಗೆ' ಎಂದು ಜಾಹೀರಾತುಗಳು ಹೇಳುವುದು ಇದನ್ನೇ. ಅದರಲ್ಲಿ ಸತ್ಯಾಂಶವಿದೆ. ಆದರೆ ಪೂರ್ತಿ ಚಿತ್ರ ಬೇರೆ. ಈ ತಿರುಳು ದಪ್ಪ ಎಳೆಗಳಲ್ಲೇ ಜಾಸ್ತಿ, ಅತಿ ಸಣ್ಣ ಎಳೆಗಳಲ್ಲಿ ಕಡಿಮೆ, ಕೆಲವೊಮ್ಮೆ ಇರುವುದೇ ಇಲ್ಲ. ದಪ್ಪ ತಿರುಳಿನ ಎಳೆಗಳೇ ಚುಚ್ಚುವ ಎಳೆಗಳು ಕೂಡ. ಬಟ್ಟೆ ಬೆಚ್ಚಗಿರುವುದಕ್ಕೆ ಮುಖ್ಯ ಕಾರಣ ಎಳೆಗಳ ನಡುವೆ ಸಿಕ್ಕಿಕೊಂಡು ನಿಂತ ಗಾಳಿ. ಅಲ್ಪಾಕಾ ಬಟ್ಟೆಯ ಮೇಲೆ ಎದ್ದಿರುವ ನವಿರಾದ ರೋಮದ ಪದರ ಈ ಕೆಲಸವನ್ನು ಬಹಳ ಚೆನ್ನಾಗಿ ಮಾಡುತ್ತದೆ. 'ಕುರಿಯ ಉಣ್ಣೆಗಿಂತ ಇಷ್ಟು ಪಟ್ಟು ಬೆಚ್ಚಗೆ' ಎಂಬ ಅಂಕಿಯನ್ನು ಮಾತ್ರ ನಂಬಬೇಡಿ. ಬಟ್ಟೆಯ ದಪ್ಪ, ಹೆಣಿಗೆ ಗೊತ್ತಿಲ್ಲದೆ ಅಂಥ ಹೋಲಿಕೆಗೆ ಅರ್ಥವೇ ಇಲ್ಲ.

ಕುರಿಯ ಉಣ್ಣೆಯಲ್ಲಿ ಲ್ಯಾನೊಲಿನ್ ಎಂಬ ಜಿಡ್ಡು ಸಾಕಷ್ಟಿರುತ್ತದೆ. ಅಲ್ಪಾಕಾದಲ್ಲಿ ಜಿಡ್ಡು ತೀರಾ ಕಡಿಮೆ. ಕಚ್ಚಾ ಉಣ್ಣೆಯನ್ನು ತೊಳೆಯುವುದು ಇದರಿಂದ ಹಗುರವಾಗುತ್ತದೆ. ಲ್ಯಾನೊಲಿನ್ ಒಗ್ಗದವರಿಗೂ ಅನುಕೂಲ.

ಇನ್ನು, ಕೊಳ್ಳುವವರು ತಿಳಿದಿರಲೇಬೇಕಾದ ಗುಣ ಒಂದಿದೆ: ಅಲ್ಪಾಕಾಗೆ ಪುಟಿತ ಕಡಿಮೆ. ಮೆರಿನೊ ಎಳೆಯಲ್ಲಿ ಸಣ್ಣ ಸಣ್ಣ ಅಲೆಗಳು ಒತ್ತಾಗಿರುತ್ತವೆ. ಎಳೆದು ಬಿಟ್ಟರೆ ಹಿಂದಕ್ಕೆ ಬರುತ್ತದೆ. ಅಲ್ಪಾಕಾದಲ್ಲಿ ಈ ಅಲೆಗಳು ಕಡಿಮೆ. ಎಳೆದರೆ ಎಳೆದಷ್ಟಕ್ಕೇ ನಿಲ್ಲುವ ಸ್ವಭಾವ ಅದಕ್ಕಿದೆ. ಇದು ದೋಷ ಅಂತ ನಾನು ಹೇಳುವುದಿಲ್ಲ. ಶಾಲು, ಉದ್ದನೆಯ ಕೋಟು, ಪೊಂಚೊ (ತಲೆ ತೂರಿಸಿ ತೊಡುವ ಹೊದಿಕೆ) ಮೈಮೇಲೆ ಅಷ್ಟು ಚೆಂದವಾಗಿ ಇಳಿಬೀಳುವುದು ಇದೇ ಗುಣದಿಂದ. ಬಿಗಿಯಾಗಿ ಕೂರಬೇಕಾದ ಬಟ್ಟೆಯಲ್ಲಿ ಮಾತ್ರ ಅದು ತೊಂದರೆ ಕೊಡುತ್ತದೆ.

ಉಳಿದ ಗುಣಗಳನ್ನು ಬೇಗ ಹೇಳಿಬಿಡುತ್ತೇನೆ. ಬೆವರಿನ ಆವಿಯನ್ನು ಹೀರಿಕೊಂಡು ಹೊರಗೆ ಬಿಡುತ್ತದೆ, ಆದರೆ ಕುರಿಯ ಉಣ್ಣೆಯಷ್ಟು ಹೀರುವುದಿಲ್ಲ. ವಾಸನೆ ಬೇಗ ಹಿಡಿಯುವುದಿಲ್ಲ. ಬೆಂಕಿ ತಾಗಿದರೆ ಅಕ್ರಿಲಿಕ್‌ನಂತೆ ಕರಗಿ ಚರ್ಮಕ್ಕೆ ಅಂಟುವುದಿಲ್ಲ. ನಾಲ್ಕು ಹನಿ ತುಂತುರು ಬಿದ್ದರೆ ಮೇಲೆಯೇ ನಿಲ್ಲುತ್ತದೆ, ನಿಜವಾದ ಮಳೆಯಲ್ಲಿ ನೆನೆಯುತ್ತದೆ. 'ನೀರು ತಾಗದ ಉಣ್ಣೆ' ಅನ್ನುವುದು ಸುಳ್ಳು.

ಹೆಜ್ಜೆ 1: ಯಾವ ಬಟ್ಟೆಗೆ ಅಂತ ಮೊದಲು ತೀರ್ಮಾನಿಸಿ

ಅಂಗಡಿಗೆ ಹೋಗುವ ಮುಂಚೆಯೇ ಈ ಪ್ರಶ್ನೆ ಕೇಳಿಕೊಳ್ಳಿ: ಇದು ಚರ್ಮಕ್ಕೆ ನೇರ ತಾಗುತ್ತದೆಯೇ? ಬಿಗಿಯಾಗಿ ಕೂರಬೇಕೇ? ಎಷ್ಟು ಉಜ್ಜಾಟ ಇದಕ್ಕಿದೆ?

ಕತ್ತಿನ ಶಾಲು, ಟೋಪಿ, ಒಳಗೆ ಅಂಗಿಯಿಲ್ಲದೆ ತೊಡುವ ಸ್ವೆಟರ್ ಇವಕ್ಕೆ 23 ಮೈಕ್ರಾನ್ ಒಳಗಿನ ಎಳೆ ಬೇಕು. ಅಂಗಿಯ ಮೇಲೆ ತೊಡುವ ಸ್ವೆಟರಿಗೆ 26ರ ತನಕ ಪರವಾಗಿಲ್ಲ. ಹೊದಿಕೆ, ಕೋಟು, ಪೊಂಚೊಗಳಿಗೆ ಇನ್ನೂ ದಪ್ಪವಾದರೂ ನಡೆಯುತ್ತದೆ. ಅಲ್ಲಿ ದಪ್ಪ ಎಳೆಯೇ ಹೆಚ್ಚು ಬಾಳಿಕೆ ಬರುತ್ತದೆ. ಎಲ್ಲದಕ್ಕೂ ಅತಿ ನಯವಾದ್ದೇ ಬೇಕು ಅನ್ನುವುದು ಹಣ ಹಾಳುಮಾಡುವ ದಾರಿ.

ಕಾಲುಚೀಲದ ವಿಷಯ ಬೇರೆ. ಶುದ್ಧ ಅಲ್ಪಾಕಾ ಕಾಲುಚೀಲ ಬೆಚ್ಚಗೇನೋ ಇರುತ್ತದೆ, ಆದರೆ ಹಿಮ್ಮಡಿಯಲ್ಲಿ ಬೇಗ ಸವೆಯುತ್ತದೆ ಮತ್ತು ಕೆಳಗೆ ಜಾರುತ್ತದೆ. ಅಲ್ಲಿ ನೈಲಾನ್ ಮತ್ತು ಒಂದಿಷ್ಟು ಕುರಿಯ ಉಣ್ಣೆ ಬೆರೆತಿರುವುದು ಒಳ್ಳೆಯದು. ಓಟ, ಚಾರಣದಂಥ ಬೆವರು ಸುರಿಸುವ ಕೆಲಸಕ್ಕೆ ಮೈಗೆ ಅಂಟುವ ಒಳಉಡುಪು ಬೇಕಿದ್ದರೆ ನನ್ನ ಆಯ್ಕೆ ತೆಳು ಮೆರಿನೊ. ಅಲ್ಪಾಕಾ ಅಲ್ಲ.

ಹೆಜ್ಜೆ 2: ಲೇಬಲ್ ಓದಿ

ಲೇಬಲ್‌ನಲ್ಲಿ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು 'ಬೇಬಿ ಅಲ್ಪಾಕಾ' ಎಂಬ ಮಾತಿನ ಬಗ್ಗೆ. ಇದು ಮರಿಗಳ ಉಣ್ಣೆ ಅಂತ ಅರ್ಥವಲ್ಲ. ಇದು ಎಳೆಯ ಸಣ್ಣತನದ ದರ್ಜೆ. ಒಳ್ಳೆಯ ತಳಿಯ ದೊಡ್ಡ ಪ್ರಾಣಿಯ ಬೆನ್ನಿನ ಉಣ್ಣೆಯೂ ಈ ದರ್ಜೆಗೆ ಬರಬಹುದು. ಮರಿಯ ಮೊದಲ ಉಣ್ಣೆ ಸಾಮಾನ್ಯವಾಗಿ ಸಣ್ಣಗಿರುತ್ತದೆ ನಿಜ, ಆದರೆ ಹೆಸರು ಹೇಳುವುದು ವಯಸ್ಸನ್ನಲ್ಲ.

ಪೆರುವಿನ ವಿಂಗಡಣೆಯ ನಿಯಮದಲ್ಲಿ 20 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣದು 'ಸೂಪರ್ ಬೇಬಿ', 20.1ರಿಂದ 23 'ಬೇಬಿ', 23.1ರಿಂದ 26.5 'ಫ್ಲೀಸ್', 26.6ರಿಂದ 29 'ಮೀಡಿಯಂ ಫ್ಲೀಸ್', 29.1ರಿಂದ 31.5 'ವರೀಸೊ', ಅದಕ್ಕಿಂತ ದಪ್ಪದ್ದು ಒರಟು. ಮಾರುಕಟ್ಟೆಯಲ್ಲಿ 'ರಾಯಲ್' ಅಂದರೆ ಸುಮಾರು 19 ಮೈಕ್ರಾನ್, 'ಸೂಪರ್‌ಫೈನ್' ಅಂದರೆ 'ಫ್ಲೀಸ್' ದರ್ಜೆಯದು. ಎರಡನೆಯ ಹೆಸರು ಕೇಳಲು ಬೇಬಿಗಿಂತ ದೊಡ್ಡದಾಗಿದೆ, ದರ್ಜೆಯಲ್ಲಿ ಅದರ ಕೆಳಗಿದೆ. ಇದನ್ನು ನೆನಪಿಟ್ಟುಕೊಳ್ಳಿ.

ಈ ವಿಂಗಡಣೆ ಹೇಗೆ ನಡೆಯುತ್ತದೆ ಗೊತ್ತಾ? ಬಹುಪಾಲು ಕೈಯಿಂದ. ಅರೆಕಿಪಾದ ಗಿರಣಿಗಳಲ್ಲಿ ಪಳಗಿದ ಹೆಂಗಸರು ಒಂದೊಂದು ಪ್ರಾಣಿಯ ಉಣ್ಣೆಯನ್ನೂ ಹರಡಿಕೊಂಡು, ಬೆರಳಲ್ಲೇ ಮುಟ್ಟಿ ನೋಡಿ, ದರ್ಜೆ ಮತ್ತು ಬಣ್ಣ ಬೇರೆ ಮಾಡುತ್ತಾರೆ. ಬೆನ್ನು ಮತ್ತು ಪಕ್ಕೆಯ ಉಣ್ಣೆ ಒಂದು ಕಡೆ, ಎದೆ, ಹೊಟ್ಟೆ, ಕಾಲಿನ ಒರಟು ಕೂದಲು ಇನ್ನೊಂದು ಕಡೆ. ಕೆಲವೇ ಮೈಕ್ರಾನ್ ವ್ಯತ್ಯಾಸ ಅವರ ಬೆರಳಿಗೆ ತಿಳಿಯುತ್ತದೆ. ನಾವು ತೊಡುವ ಮೃದುತನ ಅವರ ಕೈಗಳ ಕೆಲಸ. ಅದಕ್ಕೆ ಸಿಗಬೇಕಾದ ಗೌರವ ಸಿಗುತ್ತಿಲ್ಲ ಎಂಬುದು ನನ್ನ ನಂಬಿಕೆ.

ಮುಂದೆ ನೋಡಬೇಕಾದ್ದು ಶೇಕಡಾವಾರು. ಮುಂದುಗಡೆ ದೊಡ್ಡ ಅಕ್ಷರದಲ್ಲಿ 'ಅಲ್ಪಾಕಾ' ಅಂತಿದ್ದು, ಒಳಗಿನ ಚೀಟಿಯಲ್ಲಿ ಶೇ 10 ಅಲ್ಪಾಕಾ, ಉಳಿದದ್ದು ಅಕ್ರಿಲಿಕ್ ಮತ್ತು ಪಾಲಿಯೆಸ್ಟರ್ ಅಂತಿರುವುದು ತೀರಾ ಸಾಮಾನ್ಯ. ಅಂಥದ್ದರಿಂದ ಅಲ್ಪಾಕಾದ ಗುಣ ಏನೂ ಸಿಗುವುದಿಲ್ಲ. ಕೆಲವು ಚೀಟಿಗಳಲ್ಲಿ ಹೆಸರಿನ ಬದಲು ಎರಡಕ್ಷರದ ಸಂಕೇತ ಇರುತ್ತದೆ: ಡಬ್ಲ್ಯೂ-ಪಿ ಅಂದರೆ ಅಲ್ಪಾಕಾ, ಡಬ್ಲ್ಯೂ-ಓ ಅಂದರೆ ಕುರಿಯ ಉಣ್ಣೆ, ಡಬ್ಲ್ಯೂ-ಎಸ್ ಅಂದರೆ ಕಾಶ್ಮೀರಿ ಮೇಕೆಯದು, ಪಿ-ಎ ಅಂದರೆ ನೈಲಾನ್.

ಬೆರಕೆ ಎಂದರೆ ಕೆಟ್ಟದ್ದು ಅಂತಲ್ಲ. ಶೇ 60–70 ಅಲ್ಪಾಕಾ, ಉಳಿದದ್ದು ಮೆರಿನೊ ಇರುವ ಸ್ವೆಟರ್ ಶುದ್ಧ ಅಲ್ಪಾಕಾಗಿಂತ ಆಕಾರ ಚೆನ್ನಾಗಿ ಉಳಿಸಿಕೊಳ್ಳುತ್ತದೆ. ಪುಟಿತವನ್ನು ಮೆರಿನೊ ಕೊಡುತ್ತದೆ, ನುಣುಪು ಮತ್ತು ಹೊಳಪನ್ನು ಅಲ್ಪಾಕಾ ಕೊಡುತ್ತದೆ. ದಿನವೂ ತೊಡುವ ಸ್ವೆಟರಿಗೆ ನಾನು ಶಿಫಾರಸು ಮಾಡುವುದು ಇದನ್ನೇ. ಸ್ವಲ್ಪ ರೇಷ್ಮೆ ಸೇರಿದ್ದರೆ ಗಟ್ಟಿತನ ಮತ್ತು ಹೊಳಪು ಜಾಸ್ತಿ.

ವಕಾಯಾ, ಸೂರಿ ಎಂಬ ಹೆಸರುಗಳೂ ಕಾಣಬಹುದು. ಇವು ಅಲ್ಪಾಕಾದ ಎರಡು ಬಗೆಗಳು. ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ವಕಾಯಾ. ಅದರ ಉಣ್ಣೆ ಉಬ್ಬಿ ಹತ್ತಿಯಂತೆ ಕಾಣುತ್ತದೆ, ಸ್ವೆಟರ್, ಟೋಪಿಗೆ ಸರಿ. ಸೂರಿಯ ಉಣ್ಣೆ ಜಡೆಜಡೆಯಾಗಿ ಇಳಿಬಿದ್ದು ಹೊಳೆಯುತ್ತದೆ. ಅದರಲ್ಲಿ ಅಲೆ ಇಲ್ಲವೇ ಇಲ್ಲ. ನೇಯ್ದ ಕೋಟು, ಶಾಲುಗಳಿಗೆ ಅದು ಅದ್ಭುತ, ಹೆಣೆದ ಬಿಗಿ ಸ್ವೆಟರಿಗೆ ಬೇಡ.

ಬಣ್ಣದ ಬಗ್ಗೆ ಒಂದು ಮಾತು. ಅಲ್ಪಾಕಾದಲ್ಲಿ ಬಿಳಿಯಿಂದ ಕಪ್ಪಿನ ತನಕ, ಕಂದು, ಬೂದು, ಮರಳಿನ ಬಣ್ಣ ಸೇರಿ ಇಪ್ಪತ್ತಕ್ಕೂ ಹೆಚ್ಚು ಸಹಜ ಛಾಯೆಗಳನ್ನು ಗುರುತಿಸುತ್ತಾರೆ. ಆದರೆ ಗಿರಣಿಗಳಿಗೆ ಬೇಕಾದ್ದು ಬಿಳಿ, ಯಾಕೆಂದರೆ ಅದಕ್ಕೆ ಯಾವ ಬಣ್ಣವನ್ನೂ ಹಾಕಬಹುದು. ಹಾಗಾಗಿ ಬಣ್ಣದ ಪ್ರಾಣಿಗಳು ಹಿಂಡುಗಳಲ್ಲಿ ಕಡಿಮೆಯಾಗುತ್ತಾ ಬಂದಿವೆ. ಬಣ್ಣ ಹಾಕದ ಕಂದು, ಬೂದು ಬಟ್ಟೆ ಸಿಕ್ಕರೆ ಅದನ್ನೇ ಆರಿಸಿ ಅಂತ ಕೇಳಿಕೊಳ್ಳುತ್ತೇನೆ. ಬಣ್ಣದ ರಾಸಾಯನಿಕ ಉಳಿಯುತ್ತದೆ, ಆ ಪ್ರಾಣಿಗಳನ್ನು ಸಾಕುವವರಿಗೂ ಒಂದು ಕಾರಣ ಸಿಗುತ್ತದೆ.

ಪ್ರಾಣಿಗಳನ್ನು ಹೇಗೆ ನಡೆಸಿಕೊಂಡರು ಎಂಬುದನ್ನೂ ಕೇಳಬೇಕು. ಉಣ್ಣೆ ಕತ್ತರಿಸುವುದು ವರ್ಷಕ್ಕೊಮ್ಮೆ, ಪ್ರಾಣಿಯನ್ನು ಕೊಲ್ಲುವ ಮಾತೇ ಅಲ್ಲಿಲ್ಲ. ಆದರೂ ಅವಸರದಲ್ಲಿ, ಒರಟಾಗಿ ಕತ್ತರಿಸಿ ಗಾಯ ಮಾಡುವ ದೃಶ್ಯಗಳು 2020ರಲ್ಲಿ ಪೆರುವಿನಿಂದ ಹೊರಬಂದು ಹಲವು ದೊಡ್ಡ ಬಟ್ಟೆ ಕಂಪನಿಗಳು ಹಿಂದೆ ಸರಿದವು. 2021ರಲ್ಲಿ ಟೆಕ್ಸ್‌ಟೈಲ್ ಎಕ್ಸ್‌ಚೇಂಜ್ ಸಂಸ್ಥೆ 'ರೆಸ್ಪಾನ್ಸಿಬಲ್ ಅಲ್ಪಾಕಾ ಸ್ಟ್ಯಾಂಡರ್ಡ್' ಎಂಬ ಪ್ರಮಾಣಪತ್ರ ಶುರು ಮಾಡಿತು. ಚೀಟಿಯಲ್ಲಿ ಆರ್‌ಎಎಸ್ ಅಂತ ಇದೆಯೇ ನೋಡಿ. ಇಲ್ಲದಿದ್ದರೆ ಉಣ್ಣೆ ಎಲ್ಲಿಂದ ಬಂತು, ಯಾರ ಹಿಂಡಿನದು ಎಂದು ಕೇಳಿ. ಉತ್ತರ ಕೊಡಬಲ್ಲ ಮಾರಾಟಗಾರರಿದ್ದಾರೆ.

ಹೆಜ್ಜೆ 3: ಕೈಯಿಂದ ಪರೀಕ್ಷಿಸಿ

ಅಂಗೈಯಿಂದ ಮುಟ್ಟಿ ನಿರ್ಧರಿಸಬೇಡಿ. ಅಂಗೈ ಚರ್ಮ ದಪ್ಪ. ಬಟ್ಟೆಯನ್ನು ಕತ್ತಿನ ಪಕ್ಕಕ್ಕೆ ಅಥವಾ ಮುಂಗೈಯ ಒಳಭಾಗಕ್ಕೆ ಒತ್ತಿ ಒಂದೆರಡು ನಿಮಿಷ ಬಿಡಿ. ಚುಚ್ಚುವುದು ತಕ್ಷಣ ಗೊತ್ತಾಗುವುದಿಲ್ಲ, ಸ್ವಲ್ಪ ಬೆಚ್ಚಗಾದ ಮೇಲೆ ಗೊತ್ತಾಗುತ್ತದೆ.

ಆಮೇಲೆ ಸ್ವೆಟರಿನ ಅಂಚನ್ನು ಅಡ್ಡಕ್ಕೆ ಎಳೆದು ಬಿಡಿ. ಹಿಂದಕ್ಕೆ ಬರಬೇಕು. ಬರದೆ ಹಾಗೇ ಅಗಲವಾಗಿ ಉಳಿದರೆ ತೋಳು, ಸೊಂಟ ಬೇಗ ಸಡಿಲಾಗುತ್ತವೆ. ಬೆಳಕಿಗೆ ಹಿಡಿದು ನೋಡಿ: ಹೆಣಿಗೆಯ ಕುಣಿಕೆಗಳ ನಡುವೆ ಬೆಳಕು ಜಾಸ್ತಿ ತೂರಿ ಬರುತ್ತಿದ್ದರೆ ಹೆಣಿಗೆ ಸಡಿಲ. ಬೆರಳಿನಿಂದ ಒಂದೇ ಜಾಗವನ್ನು ಮೆಲ್ಲಗೆ ಹತ್ತಾರು ಸಲ ಉಜ್ಜಿ. ಆಗಲೇ ಗುಂಜಿನ ಉಂಡೆ ಏಳತೊಡಗಿದರೆ ಎಳೆಗಳು ಗಿಡ್ಡ ಅಥವಾ ನೂಲಿಗೆ ಹುರಿ ಸಾಲದು. ಅತಿಯಾಗಿ ಮೃದು ಅನ್ನಿಸುವ ಬಟ್ಟೆಗಳಲ್ಲಿ ಈ ತೊಂದರೆ ಸಾಮಾನ್ಯ, ಯಾಕೆಂದರೆ ಮುಟ್ಟಿದ ಕೂಡಲೇ ಮನಸ್ಸು ಸೆಳೆಯಲಿ ಅಂತ ನೂಲನ್ನು ಸಡಿಲ ಬಿಟ್ಟು, ಮೇಲ್ಮೈಯನ್ನು ಬಾಚಿ ಎಬ್ಬಿಸಿರುತ್ತಾರೆ. ಸ್ವಲ್ಪ ಬಿಗಿ ಹುರಿಯ, ಎರಡು ಮೂರು ಎಳೆ ಸೇರಿಸಿ ಹೊಸೆದ ನೂಲಿನ ಬಟ್ಟೆ ಮೊದಲಿಗೆ ಅಷ್ಟು ಸೊಗಸೆನಿಸದಿದ್ದರೂ ತೊಟ್ಟಂತೆಲ್ಲ ಮೃದುವಾಗುತ್ತದೆ.

ಭುಜದ ಹೊಲಿಗೆಯನ್ನು ಒಳಗಿನಿಂದ ನೋಡಿ. ಅಲ್ಲಿ ಹಿಗ್ಗದ ಪಟ್ಟಿ ಕೊಟ್ಟು ಹೊಲಿದಿದ್ದರೆ ತಯಾರಕರಿಗೆ ಅಲ್ಪಾಕಾದ ಸ್ವಭಾವ ಗೊತ್ತಿದೆ ಅಂತ ಅರ್ಥ.

ನೂಲು ಸುಟ್ಟು ನೋಡುವ ಪರೀಕ್ಷೆ ಹೇಳುವವರಿದ್ದಾರೆ. ಸುಟ್ಟ ಕೂದಲಿನ ವಾಸನೆ ಬಂದು ಪುಡಿಯಾಗುವ ಬೂದಿ ಉಳಿದರೆ ಪ್ರಾಣಿಯ ಎಳೆ, ಕರಗಿ ಗಟ್ಟಿ ಮಣಿಯಾದರೆ ಕೃತಕ ಎಳೆ. ಅಷ್ಟು ಮಾತ್ರ ತಿಳಿಯುತ್ತದೆ. ಅಲ್ಪಾಕಾವೋ ಕುರಿಯದೋ ಎಂದು ಹೇಳಲು ಸೂಕ್ಷ್ಮದರ್ಶಕವೇ ಬೇಕು.

ಹೆಜ್ಜೆ 4: ನೀವೇ ಹೆಣೆಯುವುದಾದರೆ

ಮೊದಲು ಒಂದು ಸಣ್ಣ ಚೌಕ ಹೆಣೆಯಿರಿ. ಅದನ್ನು ಒಗೆದು ಒಣಗಿಸಿ. ಆಮೇಲೆ ಮೇಲಿನ ಅಂಚಿಗೆ ಕ್ಲಿಪ್ ಹಾಕಿ ನೇತುಹಾಕಿ, ಕೆಳಗೆ ಸ್ವಲ್ಪ ಭಾರ ಕಟ್ಟಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ಅಳೆದರೆ ನಿಮ್ಮ ಸ್ವೆಟರ್ ಎಷ್ಟು ಉದ್ದವಾಗಬಹುದು ಅನ್ನುವ ಅಂದಾಜು ಸಿಗುತ್ತದೆ. ಈ ಅಳತೆ ಬಿಟ್ಟು ನೇರ ಹೆಣೆಯಲು ಕೂತವರ ಸ್ವೆಟರ್ ಎಷ್ಟೋ ಸಲ ಮಂಡಿಯ ತನಕ ಇಳಿಯುತ್ತದೆ.

ನೂಲಿನ ಚೀಟಿಯಲ್ಲಿ ಹೇಳಿದ್ದಕ್ಕಿಂತ ಒಂದು ಅಳತೆ ಸಣ್ಣ ಕಡ್ಡಿ ಬಳಸಿ. ಒಂದೇ ತುಂಡಾಗಿ ಸುತ್ತ ಹೆಣೆಯುವುದಕ್ಕಿಂತ ಭಾಗ ಭಾಗವಾಗಿ ಹೆಣೆದು ಹೊಲಿಯುವುದು ಒಳ್ಳೆಯದು. ಹೊಲಿಗೆ ಆಸರೆ ಕೊಡುತ್ತದೆ. ದಪ್ಪ ಜಡೆ ವಿನ್ಯಾಸಗಳು ನೂಲು ಜಾಸ್ತಿ ತಿಂದು ಭಾರ ಹೆಚ್ಚಿಸುತ್ತವೆ, ಭಾರ ಹೆಚ್ಚಾದಷ್ಟೂ ಬಟ್ಟೆ ಜೋಲುತ್ತದೆ. ಅಂಚುಗಳ ರಿಬ್ ಹೆಣಿಗೆಯನ್ನು ಇನ್ನೂ ಸಣ್ಣ ಕಡ್ಡಿಯಲ್ಲಿ ಮಾಡಿ. ಶಾಲು ಹೆಣೆಯುವವರಿಗೆ ಈ ಯಾವ ಚಿಂತೆಯೂ ಇಲ್ಲ. ಹೊಸದಾಗಿ ಅಲ್ಪಾಕಾ ಹಿಡಿಯುವವರು ಅಲ್ಲಿಂದಲೇ ಶುರು ಮಾಡಲಿ.

ಹೆಜ್ಜೆ 5: ತೊಡುವ ಕ್ರಮ

ಒಂದು ದಿನ ತೊಟ್ಟ ಮೇಲೆ ಮಾರನೇ ದಿನ ವಿಶ್ರಾಂತಿ ಕೊಡಿ. ಹರವಿಟ್ಟರೆ ಒಳಗಿನ ತೇವ ಆರುತ್ತದೆ, ಹಿಗ್ಗಿದ ಮೊಣಕೈ ಸ್ವಲ್ಪ ಹಿಂದಕ್ಕೆ ಬರುತ್ತದೆ. ಭಾರದ ಚೀಲವನ್ನು ಒಂದೇ ಹೆಗಲಿಗೆ ಹಾಕಿಕೊಂಡರೆ ಆ ಜಾಗದಲ್ಲಿ ಗುಂಜು ಏಳುವುದು ಖಚಿತ. ಸುಗಂಧ ದ್ರವ್ಯವನ್ನು ನೇರ ಬಟ್ಟೆಗೆ ಸಿಂಪಡಿಸಬೇಡಿ. ಹ್ಯಾಂಗರ್‌ಗೆ ಹಾಕಲೇಬೇಡಿ, ಭುಜದಲ್ಲಿ ಕೊಂಬು ಮೂಡುತ್ತದೆ. ನೇಯ್ದ ಕೋಟಿಗೆ ಮಾತ್ರ ಅಗಲ ಹೆಗಲಿನ ಹ್ಯಾಂಗರ್ ಆಗಬಹುದು.

ಹೆಜ್ಜೆ 6: ಒಗೆಯುವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಒಳ್ಳೆಯ ಅಲ್ಪಾಕಾ ಬಟ್ಟೆಗಳು ಹೆಚ್ಚಾಗಿ ಹಾಳಾಗುವುದು ಒಗೆಯುವಾಗಲೇ.

ಅಲ್ಪಾಕಾ ಬಟ್ಟೆಯನ್ನು ಪದೇ ಪದೇ ಒಗೆಯುವ ಅಗತ್ಯವಿಲ್ಲ. ಗಾಳಿಗೆ ಹರವಿದರೆ ಬಹಳಷ್ಟು ವಾಸನೆ ಹೋಗುತ್ತದೆ. ಸಣ್ಣ ಕಲೆಯಿದ್ದರೆ ಅಷ್ಟೇ ಜಾಗ ಒರೆಸಿ. ಒಗೆಯಲೇಬೇಕಾದಾಗ ಹೀಗೆ ಮಾಡಿ:

1. ಒಗೆಯುವ ಮುಂಚೆ ಬಟ್ಟೆಯನ್ನು ಹಾಸಿ ಉದ್ದ, ಅಗಲ, ತೋಳು ಅಳೆದು ಬರೆದಿಟ್ಟುಕೊಳ್ಳಿ. ಒಣಗಿಸುವಾಗ ಇದು ಬೇಕು.

2. ಟಬ್ಬಿನಲ್ಲಿ 30 ಡಿಗ್ರಿ ಸೆಲ್ಸಿಯಸ್ ಮೀರದ ನೀರು ತುಂಬಿ. ಕೈ ಇಟ್ಟರೆ ಬಿಸಿ ಅನ್ನಿಸಬಾರದು. ಉಣ್ಣೆಗೆಂದೇ ಇರುವ ದ್ರವ ಸೋಪು ಸ್ವಲ್ಪ ಹಾಕಿ ಕಲಕಿ. ಮಾಮೂಲಿ ಬಟ್ಟೆ ಪುಡಿ ಬೇಡ. ಅದರಲ್ಲಿ ಪ್ರೋಟೀನ್ ಕಲೆ ತಿನ್ನುವ ಎಂಜೈಮ್ ಇರುತ್ತದೆ. ಉಣ್ಣೆಯೇ ಪ್ರೋಟೀನ್, ಅದನ್ನೂ ತಿನ್ನುತ್ತದೆ. ಕ್ಲೋರಿನ್ ಬ್ಲೀಚ್ ಅಂತೂ ಎಳೆಯನ್ನೇ ಕರಗಿಸಿಬಿಡುತ್ತದೆ.

3. ಬಟ್ಟೆಯ ಒಳಮೈ ಹೊರಗೆ ಮಾಡಿ ನೀರಿಗೆ ಇಳಿಸಿ, ಮೆಲ್ಲಗೆ ಅದುಮಿ ಮುಳುಗಿಸಿ. ಹತ್ತು ನಿಮಿಷ ಸುಮ್ನೆ ಬಿಡಿ. ಉಜ್ಜಬೇಡಿ, ಕುಕ್ಕಬೇಡಿ, ತಿರುಚಬೇಡಿ. ನೆನೆದ ಎಳೆಗಳನ್ನು ತಿಕ್ಕಿದಾಗ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ಗಟ್ಟಿಯಾಗುತ್ತದೆ. ಬಿಸಿ ಸೇರಿದರೆ ಇದು ಇನ್ನೂ ಬೇಗ. ಅಲ್ಪಾಕಾದ ಹುರುಪೆ ಚಿಕ್ಕದು ಅಂತ ಧೈರ್ಯ ಬೇಡ, ಅದೂ ಹೀಗೇ ಆಗುತ್ತದೆ. ಒಮ್ಮೆ ಆದರೆ ಮೊದಲಿನಂತೆ ಮಾಡಲು ಸಾಧ್ಯವಿಲ್ಲ.

4. ನೀರು ಚೆಲ್ಲಿ, ಅಷ್ಟೇ ಬೆಚ್ಚಗಿನ ಹೊಸ ನೀರು ಹಾಕಿ ಜಾಲಿಸಿ. ನೊರೆ ಹೋಗುವ ತನಕ ಎರಡು ಮೂರು ಸಲ. ನಲ್ಲಿಯ ನೀರು ನೇರ ಬಟ್ಟೆಯ ಮೇಲೆ ರಭಸವಾಗಿ ಬೀಳದಿರಲಿ.

5. ಎತ್ತುವಾಗ ಎರಡೂ ಕೈಯನ್ನು ಅಡಿಗೆ ಕೊಟ್ಟು ಇಡೀ ಬಟ್ಟೆಯನ್ನು ಒಟ್ಟಿಗೆ ಎತ್ತಿ. ಭುಜ ಹಿಡಿದು ಎತ್ತಿದರೆ ನೀರಿನ ಭಾರಕ್ಕೆ ಅಲ್ಲೇ ಉದ್ದವಾಗಿಬಿಡುತ್ತದೆ. ಅದುಮಿ ನೀರು ತೆಗೆಯಿರಿ, ಹಿಂಡಬೇಡಿ.

6. ದಪ್ಪ ಟವೆಲ್ ಹಾಸಿ, ಬಟ್ಟೆಯನ್ನು ಅದರ ಮೇಲೆ ಹರಡಿ, ಎರಡನ್ನೂ ಸೇರಿಸಿ ಸುರುಳಿ ಸುತ್ತಿ ಒತ್ತಿ. ಬೇಕಿದ್ದರೆ ಇನ್ನೊಂದು ಒಣ ಟವೆಲ್‌ನಲ್ಲಿ ಮತ್ತೊಮ್ಮೆ.

7. ನೆರಳಿನಲ್ಲಿ, ಗಾಳಿಯಾಡುವ ಕಡೆ, ಸಮತಟ್ಟಾದ ಜಾಗದಲ್ಲಿ ಹಾಸಿ. ಮೊದಲು ಬರೆದಿಟ್ಟ ಅಳತೆಗೆ ಮೆಲ್ಲಗೆ ಕೂರಿಸಿ. ಹಿಗ್ಗಿದ್ದರೆ ಒದ್ದೆಯಿರುವಾಗಲೇ ಒಳಕ್ಕೆ ಒತ್ತಿ ಸೇರಿಸಬಹುದು. ಅರ್ಧ ಒಣಗಿದ ಮೇಲೆ ಮಗುಚಿ. ಹೀಟರ್ ಪಕ್ಕ, ಸುಡುಬಿಸಿಲು, ಡ್ರೈಯರ್ ಯಾವುದೂ ಬೇಡ.

ಇಸ್ತ್ರಿ ಬೇಕೆನಿಸಿದರೆ ತೇವದ ತೆಳುಬಟ್ಟೆ ಮೇಲೆ ಹಾಕಿ, ಕಡಿಮೆ ಬಿಸಿಯಲ್ಲಿ ಹಬೆ ಮಾತ್ರ ಕೊಡಿ. ಒತ್ತಿದರೆ ಮೇಲಿನ ರೋಮ ಚಪ್ಪಟೆಯಾಗುತ್ತದೆ, ಆ ರೋಮದಲ್ಲೇ ಬೆಚ್ಚಗಿನ ಗಾಳಿ ನಿಲ್ಲುವುದು. ಒಳಪದರ ಇರುವ ಕೋಟುಗಳನ್ನು ಮನೆಯಲ್ಲಿ ನೀರಿಗೆ ಹಾಕಬೇಡಿ, ಡ್ರೈಕ್ಲೀನ್‌ಗೆ ಕೊಡಿ. ವಾಷಿಂಗ್ ಮೆಷಿನ್‌ನ ಉಣ್ಣೆ ಸೆಟ್ಟಿಂಗ್ ಬಗ್ಗೆ ಕೇಳುವವರಿಗೆ ಒಂದೇ ಉತ್ತರ: ಚೀಟಿಯಲ್ಲಿ ಮೆಷಿನ್‌ಗೆ ಹಾಕಬಹುದು ಅಂತ ಸ್ಪಷ್ಟವಾಗಿದ್ದರೆ ಮಾತ್ರ, ಅದೂ ಜಾಲರಿ ಚೀಲದೊಳಗೆ.

ಹೆಜ್ಜೆ 7: ಹುಳದಿಂದ ಕಾಪಾಡುವುದು

ಬಟ್ಟೆ ತಿನ್ನುವುದು ಹಾರುವ ಪತಂಗವಲ್ಲ, ಅದರ ಮರಿಹುಳ. ಉಣ್ಣೆಯ ಕೆರಾಟಿನ್ ಅದರ ಆಹಾರ. ಬೆವರು, ಎಣ್ಣೆ, ಊಟದ ಕಲೆ ಇರುವ ಜಾಗವೆಂದರೆ ಅದಕ್ಕೆ ಇನ್ನೂ ಇಷ್ಟ. ಹಾಗಾಗಿ ಚಳಿಗಾಲ ಮುಗಿದ ಮೇಲೆ ಒಂದೇ ಸಲ ತೊಟ್ಟಿದ್ದರೂ ಒಗೆದು, ಪೂರ್ತಿ ಒಣಗಿಸಿ ಎತ್ತಿಡಿ. ತೇವ ಉಳಿದರೆ ಬೂಸ್ಟು ಹಿಡಿಯುತ್ತದೆ.

ಮಡಚಿ, ಬಿಗಿಯಾಗಿ ಮುಚ್ಚುವ ಡಬ್ಬಿ ಅಥವಾ ಜಿಪ್ ಚೀಲದಲ್ಲಿಡಿ. ಲ್ಯಾವೆಂಡರ್, ದೇವದಾರು ಮರದ ತುಂಡುಗಳು ಪರಿಮಳ ಕೊಡುತ್ತವೆ, ಹುಳ ತಡೆಯುವ ಶಕ್ತಿ ಅವಕ್ಕೆ ಕಡಿಮೆ. ನುಸಿ ಗುಳಿಗೆ ಕೆಲಸ ಮಾಡುತ್ತದೆ, ಆದರೆ ಅದರ ಆವಿ ವಿಷ. ಎಳೆಮಕ್ಕಳಿರುವ ಮನೆಯಲ್ಲಿ ಅದನ್ನು ಬಳಸಲೇಬೇಡಿ.

ಸಣ್ಣ ತೂತು, ರೇಷ್ಮೆಯಂಥ ಬಲೆ, ಮರಳಿನಂಥ ಕಣಗಳು ಕಂಡರೆ ಹುಳ ಬಿದ್ದಿದೆ ಅಂತ ತಿಳಿಯಿರಿ. ಬಟ್ಟೆಯನ್ನು ಚೀಲದಲ್ಲಿ ಹಾಕಿ, ಗಾಳಿ ತೆಗೆದು ಮುಚ್ಚಿ, ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಚೀಲ ತಕ್ಷಣ ಬಿಚ್ಚಬೇಡಿ. ಕೋಣೆಯ ಬಿಸಿಗೆ ಬರುವ ತನಕ ಕಾಯ್ದರೆ ಬಟ್ಟೆಯ ಮೇಲೆ ನೀರು ಕೂರುವುದಿಲ್ಲ. ಅಷ್ಟರಲ್ಲಿ ಕಪಾಟಿನ ಮೂಲೆ, ಸಂದುಗಳನ್ನು ವ್ಯಾಕ್ಯೂಮ್ ಮಾಡಿ. ಇದನ್ನು ಬಿಟ್ಟರೆ ಮಾಡಿದ ಕೆಲಸವೆಲ್ಲ ವ್ಯರ್ಥ.

ಹೆಜ್ಜೆ 8: ಗುಂಜು, ಎದ್ದ ಎಳೆ, ತೂತು

ಹೊಸ ಬಟ್ಟೆಯಲ್ಲಿ ಮೊದಲ ಕೆಲವು ವಾರ ಗುಂಜು ಏಳುವುದು ಸಹಜ. ಸಡಿಲ ಎಳೆಗಳು ಹೊರಬಂದು ಮುಗಿದ ಮೇಲೆ ಕಡಿಮೆಯಾಗುತ್ತದೆ. ಬೆರಳಿನಿಂದ ಕಿತ್ತರೆ ಒಳಗಿನ ಎಳೆಗಳನ್ನೂ ಎಳೆದುಕೊಂಡು ಬರುತ್ತದೆ, ಹಾಗಾಗಿ ಇನ್ನಷ್ಟು ಏಳುತ್ತದೆ. ಬಟ್ಟೆಯನ್ನು ಮೇಜಿನ ಮೇಲೆ ಬಿಗಿಯಾಗಿ ಹಾಸಿ, ಉಣ್ಣೆಗೆಂದೇ ಇರುವ ಬಾಚಣಿಗೆಯಿಂದ ಒಂದೇ ದಿಕ್ಕಿನಲ್ಲಿ ಮೆಲ್ಲಗೆ ಬಾಚಿ. ಬ್ಯಾಟರಿಯ ಲಿಂಟ್ ರಿಮೂವರ್ ಬಳಸುವುದಾದರೆ ಒತ್ತಬೇಡಿ, ಮೇಲೆ ತೇಲಿಸಿದಂತೆ ಆಡಿಸಿ. ನಯವಾದ ರೋಮದ ಬಟ್ಟೆಗೆ ಬಾಚಣಿಗೆಯೇ ವಾಸಿ.

ಎಲ್ಲೋ ಸಿಕ್ಕಿ ಎದ್ದ ನೂಲನ್ನು ಕತ್ತರಿಸಬೇಡಿ. ಸಣ್ಣ ಕ್ರೋಶ ಕಡ್ಡಿಯಿಂದ ಅದನ್ನು ಒಳಮೈಗೆ ಎಳೆದುಕೊಂಡು, ಅಕ್ಕಪಕ್ಕದ ಕುಣಿಕೆಗಳನ್ನು ಬೆರಳಿನಿಂದ ಸಡಿಲಿಸಿ ಸರಿಮಾಡಿ.

ತೂತು ಬಿದ್ದರೆ ಅದು ಚಿಕ್ಕದಿರುವಾಗಲೇ ರಿಪೇರಿ ಮಾಡಬೇಕು. ಅಲ್ಪಾಕಾದ ನುಣುಪಾದ ನೂಲು ಒಂದು ಕುಣಿಕೆ ತಪ್ಪಿದರೆ ಬೇಗ ಕೆಳಗೆ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಕೊಂಡಾಗ ಬಟ್ಟೆಯ ಜತೆ ಬರುವ ಸಣ್ಣ ನೂಲಿನ ಸುರುಳಿಯನ್ನು ಎಸೆಯದೆ ಇಟ್ಟುಕೊಳ್ಳಿ, ಅದು ಬೇಕಾಗುವುದು ಆಗಲೇ. ಅದು ಕಳೆದುಹೋಗಿದ್ದರೆ ಒಳಗಿನ ಹೊಲಿಗೆಯ ಅಂಚಿನಿಂದ ಒಂದೆರಡು ಎಳೆ ತೆಗೆಯಬಹುದು. ಮೊದಲು ತೂತಿನ ಸುತ್ತಲಿನ ಬಿಡಿ ಕುಣಿಕೆಗಳನ್ನೆಲ್ಲ ಸೂಜಿಯಲ್ಲಿ ಹಿಡಿದುಕೊಳ್ಳಿ. ಆಮೇಲೆ ಗಟ್ಟಿ ನೆಲದಿಂದ, ಅಂದರೆ ತೂತಿನ ಅಂಚಿಗಿಂತ ಬೆರಳಗಲ ಆಚೆಯಿಂದ ಶುರು ಮಾಡಿ, ಉದ್ದುದ್ದ ಎಳೆಗಳನ್ನು ಹಾಯಿಸಿ, ಅವುಗಳ ಮೇಲೆ ಕೆಳಗೆ ಅಡ್ಡ ಎಳೆ ನೇಯುತ್ತಾ ಬನ್ನಿ. ನೂಲನ್ನು ಬಿಗಿಯಾಗಿ ಎಳೆಯಬೇಡಿ. ಸ್ವಲ್ಪ ಸಡಿಲ ಬಿಟ್ಟರೆ ಮುಂದಿನ ಒಗೆತದಲ್ಲಿ ಅದು ಸುತ್ತಲಿನ ಬಟ್ಟೆಯ ಜತೆ ಹೊಂದಿಕೊಳ್ಳುತ್ತದೆ.